ಬಾಗಿಲು ಹೊದ್ದ ಕೌದಿ

ನಮ್ಮೂರಲ್ಲಿ ಕೌದಿಗೆ ಊಟ ಹಾಕುತ್ತಾರೆ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಅವರ ಕೌದಿಗಳು ಹಸಿದುಕೊಂಡೇ ಇರುತ್ತವೆ, ಅದಕ್ಕೇ ಬೆಳಗಿನ ಜಾವ ಅವರ ಕಾಲು ತಣ್ಣಗಾಗುತ್ತವೆ ಎಂದು ನಾವೂ ನಗುತ್ತೇವೆ.

ಹಳೆ ಸೀರೆ, ಹಳೆ ಧೋತರ, ಹರಿದ ಕುಪ್ಪಸ, ತೊಟ್ಟಿಲಿಗೆ ಹಾಸಿದ್ದ ಅರಿವೆ, ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ ಹೊಲಿದರೆ ಕೌದಿ. ಅದರ ಒಂದು ಮೂಲೆಯಲ್ಲಿ ಒಂದು ಪುಟ್ಟ ಚೀಲ ಇರುತ್ತದೆ. ಆ ಚೀಲವೇ ಕೌದಿಯ ಹೊಟ್ಟೆ. ವರ್ಷಕ್ಕೊಮ್ಮೆ, ಚಳಿ ಮುಗಿದು ಬಿಸಿಲು ಹದವಾದ ದಿನ, ಊರಿನ ಗಂಡಸರೆಲ್ಲ ಊರ ಹೊರಗೆ ಹೋಗುತ್ತಾರೆ. ಹೆಂಗಸರು ಮಾಳಿಗೆ ಹತ್ತಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು, ಮೂಲೆಯ ಹೊಲಿಗೆ ಬಿಚ್ಚಿ, ಹಳೆ ಕಾಳನ್ನು ಕೋಳಿಗಳಿಗೆ ಚೆಲ್ಲಿ, ಹೊಸ ಕಾಳು ತುಂಬಿ, ಮತ್ತೆ ಹೊಲಿಯುತ್ತಾರೆ. ಹೊಲಿದ ಕೈಯೇ ಉಣಿಸಬೇಕು. ಏನು ಉಣಿಸಿದೆ ಎಂದು ಯಾರೂ ಕೇಳಬಾರದು. ಜೋಳವೇ ಇರುತ್ತದೆ, ಇನ್ನೇನಿರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ನಿಜ ಗೊತ್ತಿದ್ದದ್ದು ಕೋಳಿಗಳಿಗೆ ಮಾತ್ರ.

ಸಂಜೆ ಗಂಡಸರು ಮರಳಿ ಬಂದು ಹೊಸ್ತಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಾರೆ: "ಉಂಡೈತೇನು?"

ಒಳಗಿನಿಂದಲೂ ಒಂದೇ ಮಾತು ಬರುತ್ತದೆ: "ಉಂಡೈತಿ."

ಅಷ್ಟಾದರೆ ಆ ವರ್ಷ ಆ ಮನೆಯಲ್ಲಿ ನಿದ್ದೆಗೆ ಕೊರತೆಯಿಲ್ಲ. ಹೊಟ್ಟೆಯಲ್ಲಿ ಕಾಳು ಇರುವುದರಿಂದ ನಾವು ಕೌದಿಗೆ ನೀರು ತಾಗಿಸುವುದಿಲ್ಲ. ಬಿಸಿಲಿಗೆ ಹಾಕುತ್ತೇವೆ, ಕೋಲಿನಿಂದ ಬಡಿಯುತ್ತೇವೆ, ಇಬ್ಬರು ಎರಡು ಕಡೆ ಹಿಡಿದು ಜಾಡಿಸುತ್ತೇವೆ. ಒಗೆಯುವುದಂತೂ ಇಲ್ಲವೇ ಇಲ್ಲ. ಹೊಸದಾಗಿ ಬಂದ ಸೊಸೆಯರು ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ. ಆಮೇಲೆ ಅವರಿಗೂ ಆ ವಾಸನೆ ಇಲ್ಲದೆ ನಿದ್ದೆ ಬರುವುದಿಲ್ಲ.

ಇನ್ನು ನಮ್ಮ ಬಾಗಿಲಿನ ವಿಷಯ. ಹಿಂದೆ ಯಾರೋ ಇಲ್ಲಿ ಕೋಟೆ ಕಟ್ಟಲು ಹೊರಟು ಮೊದಲು ಬಾಗಿಲು ಕಟ್ಟಿಸಿದರಂತೆ. ಬಾಗಿಲು ಮುಗಿಯುವಷ್ಟರಲ್ಲಿ ಅವರಿಗೆ ಕೋಟೆ ಬೇಡವೆನಿಸಿತಂತೆ. ಹಾಗಾಗಿ ಊರ ಮುಂದೆ ಎತ್ತರದ ಕಲ್ಲಿನ ಕಮಾನು ಒಂಟಿಯಾಗಿ ನಿಂತಿದೆ. ಅದಕ್ಕೆ ಕದವಿಲ್ಲ, ಎಡಕ್ಕೆ ಗೋಡೆಯಿಲ್ಲ, ಬಲಕ್ಕೂ ಇಲ್ಲ. ಆನೆಗಳ ಹಿಂಡು ಬೇಕಾದರೂ ಪಕ್ಕದಿಂದ ಹಾಯಬಹುದು. ಆದರೆ ನಾವು ಪಕ್ಕದಿಂದ ಹಾಯುವವರಲ್ಲ. ಬರುವಾಗ ಬಾಗಿಲಿನಿಂದ ಬರುತ್ತೇವೆ, ಹೋಗುವಾಗ ಬಾಗಿಲಿನಿಂದ ಹೋಗುತ್ತೇವೆ. ಎತ್ತುಗಳಿಗೂ ಹಾಗೇ ರೂಢಿ.

ಒಂದು ವರ್ಷ ಉಣಿಸುವ ದಿನ ಕಳೆದ ಮೇಲೆ ಆ ಬಾಗಿಲಿನಿಂದ ಒಬ್ಬ ಹೆಂಗಸು ಒಳಗೆ ಬಂದಳು. ಅವಳ ಹೆಗಲಲ್ಲಿ ದಾರದ ಉಂಡೆಗಳ ಗಂಟು, ಕೈಯಲ್ಲಿ ಮೊಳದುದ್ದದ ಸೂಜಿ. ನಾವು ಅವಳನ್ನು ಸೂಜಿಯವಳು ಎಂದೇ ಕರೆದೆವು. ಅವಳು ಕಮಾನಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ಕಟ್ಟೆಯ ಮೇಲೆ ಕೂತಿದ್ದ ಗೌಡನನ್ನು ಕೇಳಿದಳು.

"ಗೌಡ್ರ, ಈ ಬಾಗಲಕ್ಕ ಚಳಿ ಆಗೂದಿಲ್ಲೇನ್ರಿ?"

"ಕಲ್ಲಿಗೆ ಎಲ್ಲೀ ಚಳಿ, ತಂಗೀ?"

"ಮುಟ್ಟಿ ನೋಡ್ರಿ."

ಗೌಡ ಎದ್ದು ಹೋಗಿ ಮುಟ್ಟಿ ನೋಡಿದ. ತಣ್ಣಗಿತ್ತು. ಕಲ್ಲು ತಣ್ಣಗಿರದೆ ಇನ್ನು ಹೇಗಿರಬೇಕು? ಆದರೆ ಎಲ್ಲರೆದುರು ಮುಟ್ಟಿ ಕೈ ಹಿಂದೆಗೆದುಕೊಂಡ ಮೇಲೆ ತಣ್ಣಗಿಲ್ಲ ಎನ್ನುವಂತಿರಲಿಲ್ಲ. ಗೌಡನಿಗೆ ಆ ಗಳಿಗೆಯಿಂದಲೇ ಸೂಜಿಯವಳನ್ನು ಕಂಡರೆ ಆಗಲಿಲ್ಲ.

"ಮನಿಗೊಂದು ಕೌದಿ ಕೊಡ್ರಿ," ಎಂದಳು ಸೂಜಿಯವಳು. "ಎಲ್ಲಾ ಕೂಡಿಸಿ ಇದಕ್ಕ ಹೊದಸ್ತೀನಿ. ಯಾರಿಗರ ತಮ್ಮ ಕೌದಿ ತಿರುಗಿ ಬೇಕನಿಸಿದ್ರ ಒಂದು ಮಾತು ಹೇಳ್ರಿ, ಬಿಚ್ಚಿ ಕೊಡ್ತೀನಿ."

ನಾವು ಕೊಟ್ಟೆವು. ಯಾಕೆ ಕೊಟ್ಟಿರಿ ಎಂದರೆ ಹೇಳುವುದು ಕಷ್ಟ. ಕೆಲವರು ಕೌದಿ ಹಳತಾಯಿತೆಂದು ಕೊಟ್ಟರು, ಕೆಲವರು ಪಕ್ಕದ ಮನೆಯವರು ಕೊಟ್ಟರೆಂದು ಕೊಟ್ಟರು. ಗೌಡನ ಹೆಂಡತಿ ಗಂಡ ಬೇಡವೆಂದದ್ದಕ್ಕೇ ಕೊಟ್ಟಳು. ಸುಣ್ಣದಜ್ಜ ಮಾತ್ರ ಹೆದರಿ ಕೊಟ್ಟ.

ಸುಣ್ಣದಜ್ಜ ಊರಿನ ಮನೆಗಳಿಗೆಲ್ಲ ಸುಣ್ಣ ಬಳಿಯುವವನು. ಅವನ ಹೆಂಡತಿ, ನಮ್ಮ ಸುಣ್ಣದಜ್ಜಿ, ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಅವರಿಬ್ಬರ ಜಗಳ ಊರಿಗೇ ಗೊತ್ತು. ಜಗಳಕ್ಕೆ ಕಾರಣ ಹಾಗಲಕಾಯಿ. ಅಜ್ಜಿಗೆ ಹಾಗಲಕಾಯಿ ಅಂದರೆ ಪ್ರಾಣ, ಅಜ್ಜನಿಗೆ ಅದರ ಹೆಸರು ಹೇಳಿದರೆ ಬಾಯಿ ಕಹಿ. ಅವಳು ಪಲ್ಯ ಮಾಡಿದ ದಿನ ಅವನು ತಾಟು ಎತ್ತಿಕೊಂಡು ಪಕ್ಕದ ಮನೆಗೆ ಊಟಕ್ಕೆ ಹೋಗುತ್ತಿದ್ದ. ಅವಳು ಅಂಗಳದಲ್ಲಿ ಬಳ್ಳಿ ಹಬ್ಬಿಸಿದರೆ ಅವನು ಸುಣ್ಣದ ನೀರು ಚೆಲ್ಲಿ ಒಣಗಿಸುತ್ತಿದ್ದ. ಆಗ ಅವಳು ಸೊಂಟದ ಮೇಲೆ ಕೈಯಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು: "ಒಣಗಸು, ಎಷ್ಟು ಒಣಗಸ್ತೀ ಒಣಗಸು! ಒಂದಿನ ನಿನ್ನ ನೆತ್ತಿಮ್ಯಾಲ ಹಬ್ಬಸ್ತೀನಿ!" ಅಷ್ಟು ಹೇಳಿ ಒಳಗೆ ಹೋಗಿ ಅವನಿಗೆ ಬೇರೆ ಪಲ್ಯ ಮಾಡುತ್ತಿದ್ದಳು.

ಅವಳು ಹೋದ ಮೇಲೆ ಬಂದ ಉಣಿಸುವ ದಿನ, ಅಜ್ಜ ಎಲ್ಲರ ಜೊತೆ ಊರ ಹೊರಗೆ ಹೋಗಿ, ಎಲ್ಲರ ಜೊತೆ ಬಂದು, ತನ್ನ ಹೊಸ್ತಿಲಲ್ಲಿ ನಿಂತು ಕೇಳಿದ, "ಉಂಡೈತೇನು?" ಒಳಗಿನಿಂದ ಮಾತು ಬರಲಿಲ್ಲ. ಅವನು ಮತ್ತೊಮ್ಮೆ ಕೇಳಲಿಲ್ಲ.

ಹೊಲಿದ ಕೈಯೇ ಇಲ್ಲದ ಮೇಲೆ ಕೌದಿಗೆ ಉಣಿಸುವವರು ಯಾರು? "ಹಸದ ಕೌದಿ ಮನ್ಯಾಗ ಇಟ್ಕೋಬಾರ್ದು ಅಜ್ಜಾ, ನಿದ್ದಿ ತಿಂತೈತಿ," ಎಂದು ಪಕ್ಕದ ಮನೆಯವಳು ಹೇಳಿದಳು. ನಾವೂ ಹೌದು ಹೌದು ಎಂದೆವು. ಅಜ್ಜ ಕೌದಿಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ, ಸೂಜಿಯವಳ ಕೈಗೆ ಕೊಟ್ಟು ತಿರುಗಿ ನೋಡದೆ ಹೋದ.

ಸೂಜಿಯವಳು ಹೊಲಿಯಲು ಕೂತಳು. ಕೆಂಪಿಗೆ ಹಳದಿ ಸೇರಿಸಿದಳು, ಹಳದಿಗೆ ನೀಲಿ ಸೇರಿಸಿದಳು. ಅಜ್ಜನದೇ ಏಣಿ ತಂದು ಕಮಾನಿಗೆ ಹಚ್ಚಿದಳು. ಏರಿದಳು, ಹೊಲಿದಳು, ಇಳಿದಳು, ದೂರ ನಿಂತು ನೋಡಿದಳು, ಮತ್ತೆ ಏರಿದಳು. ಒಂದು ಬೆಳಿಗ್ಗೆ ನೋಡಿದರೆ ಬಾಗಿಲು ಅಡಿಯಿಂದ ಮುಡಿಯವರೆಗೆ ಕೌದಿ ಹೊದ್ದು ನಿಂತಿತ್ತು, ನಡುವೆ ಹಾಯುವ ದಾರಿ ಮಾತ್ರ ಬಿಟ್ಟಿತ್ತು. ಗಾಳಿ ಬಂದಾಗ ಅದರ ಹೊಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮೂರ ಬಾಯಿ.

ಚೆಂದ ಅಂದರು ಕೆಲವರು. ಕಲ್ಲಿಗೆ ಜೀವ ಬಂತು ಅಂದರು. ಹೂ ಮಾರುವವಳು ಅದರ ನೆರಳಿಗೆ ಬುಟ್ಟಿ ತಂದಿಟ್ಟು, ಇನ್ನು ಇಲ್ಲಿಂದ ಏಳುವವಳಲ್ಲ ಅಂದಳು. ಶಾಲೆಯ ಮಾಸ್ತರ ಅದರ ಎದುರು ನಿಂತು ಬಹಳ ಹೊತ್ತು ಮಾತಾಡಿದ, ಅದರಲ್ಲಿ 'ಸಮಷ್ಟಿ' ಎಂಬ ಶಬ್ದ ಮೇಲಿಂದ ಮೇಲೆ ಬಂತು, ನಾವು ತಲೆದೂಗಿದೆವು. ಆದರೆ ಅಂಗಡಿಯವನ ತಾಯಿ ತನ್ನ ನಿಶ್ಚಿತಾರ್ಥದ ಸೀರೆಯ ಚೂರು ಊರ ಮುಂದೆ ಹಾರಾಡುವುದನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. ತಮ್ಮ ಕೌದಿ ತೀರಾ ಕೆಳಗೆ, ನಾಯಿ ಕಾಲೆತ್ತುವ ಎತ್ತರದಲ್ಲಿದೆ ಎಂದು ಒಂದು ಮನೆಯವರು ಸೂಜಿಯವಳ ಜೊತೆ ಮಾತು ಬಿಟ್ಟರು.

ಗೌಡನ ಸಿಟ್ಟು ಎಲ್ಲರಿಗಿಂತ ದೊಡ್ಡದು. "ಹಾಸಗಿ ಅಂದ್ರ ಒಳಮನಿ ಮಾತು. ನಮ್ಮ ಒಳಮನೀನ ಹರವಿ ಹೊರಗ ನೇತ ಹಾಕ್ಯಾಳ! ನಾಳೆ ಪರಊರಿನವರು ಬಂದು ಏನಂದಾರು? ಅದೂ ಅಲ್ಲದ, ಚಳಿಯೊಳಗ ನಡಗೋ ಮಂದಿ ಇರೋವಾಗ ಕಲ್ಲಿಗೆ ಹೊದಿಸೋದು ಯಾವ ನ್ಯಾಯ?"

ಕೊನೆಯ ಮಾತು ನಮ್ಮನ್ನೆಲ್ಲ ಚುಚ್ಚಿತು. ಸೂಜಿಯವಳು ದಾರ ಕಡಿಯುತ್ತ ಹೇಳಿದಳು, "ಖರೇ ಮಾತ್ರಿ ಗೌಡ್ರ. ನಡಗೋರ ಹೆಸರು ಹೇಳ್ರಿ, ಅವರಿಗೂ ಒಂದೊಂದು ಹೊಲೀತೀನಿ." ಗೌಡನಿಗೆ ಒಂದು ಹೆಸರೂ ನೆನಪಾಗಲಿಲ್ಲ. ನಮಗೆ ನೆನಪಾಯಿತು, ಆದರೆ ನಾವು ಸುಮ್ಮನಿದ್ದೆವು.

ಊರಲ್ಲಿ ಆಗ ಚಳಿಯಿಂದ ನಡುಗುತ್ತಿದ್ದವನು ಒಬ್ಬನೇ, ಅದೂ ಬಿಸಿಲುಗಾಲದಲ್ಲಿ. ಸುಣ್ಣದಜ್ಜನಿಗೆ ನಿದ್ದೆ ಹೋಗಿತ್ತು. ಹಸಿದ ಕೌದಿ ನಿದ್ದೆ ತಿನ್ನುತ್ತದೆಂದು ಕೊಟ್ಟನಲ್ಲ, ಕೊಟ್ಟ ದಿನದಿಂದಲೇ ಅವನಿಗೆ ರೆಪ್ಪೆ ಕೂಡಿರಲಿಲ್ಲ. ಸುಣ್ಣ ಬಳಿಯುತ್ತ ಏಣಿಯ ಮೇಲೇ ತೂಕಡಿಸಿದ. ಒಂದು ಮನೆಯಲ್ಲಿ ಬಳಿದ ಗೋಡೆಗೇ ಮತ್ತೆ ಬಳಿದ. ನಮಗೆ ನಗು ಬಂತು, ಆಮೇಲೆ ಪಾಪ ಅನಿಸಿತು. ಒಬ್ಬೊಬ್ಬರಾಗಿ ನಮ್ಮ ಮನೆಯಲ್ಲಿ ಉಳಿದಿದ್ದ ಕೌದಿಗಳನ್ನು ಒಯ್ದು ಕೊಟ್ಟೆವು. ಅವನು ಒಂದೊಂದನ್ನೂ ಹೊದ್ದು ನೋಡಿ, ಮೂಸಿ ನೋಡಿ, ಮಡಿಚಿ ಮರಳಿಸಿದ. "ಚೊಲೋ ಅದಾವ," ಎಂದ. "ಆದ್ರ ಇವು ನನ್ನ ಗುರ್ತು ಹಿಡಿಯಾಂಗಿಲ್ಲ."

ಕೊನೆಗೊಂದು ದಿನ ಅವನು ಬಾಗಿಲಿಗೆ ಬಂದ.

"ತಂಗೀ, ನನ್ನ ಕೌದಿ ನನಗ ಕೊಡವಾ."

"ಯಾಕ್ರೀ ಅಜ್ಜಾರ?"

"ನಿದ್ದಿ ಬರವಲ್ದು. ಕೌದಿ ಹಸಿದಿದ್ರ ಹಸದಿರಲಿ. ಇಬ್ಬರೂ ಹಸಕೊಂಡ ಮಲಗ್ತೀವಿ."

ಸೂಜಿಯವಳು ತಲೆಯೆತ್ತಿ ಕಮಾನಿನ ನೆತ್ತಿಯ ಕಡೆ ಕೈ ತೋರಿಸಿದಳು. "ಎಲ್ಲಾಕಿಂತ ಗಟ್ಟಿ ಹೊಲಿಗಿ ನಿಮ್ಮ ಮನಿಯವ್ರದು. ಅದಕ್ಕ ಅದನ್ನ ನೆತ್ತಿಮ್ಯಾಲ ಇಟ್ಟೀನಿ, ಉಳಿದದ್ದೆಲ್ಲಾ ಅದಕ್ಕ ಕಟ್ಟೀನಿ. ಅದನ್ನ ಬಿಚ್ಚಿದ್ರ ಎಲ್ಲಾ ಕೆಳಗ ಬರ್ತಾವ್ರಿ." ಅವಳು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು, "ಆದ್ರ ಮಾತು ಕೊಟ್ಟೀನಿ. ಬಿಚ್ಚತೀನಿ," ಎಂದಳು. ಅವಳ ಮುಖ ಸಣ್ಣದಾಯಿತು. ಅಷ್ಟು ದಿನದ ಕೆಲಸ, ಯಾರಿಗಾದರೂ ಆಗುತ್ತದೆ.

ಗೌಡನಿಗೆ ಸುದ್ದಿ ಮುಟ್ಟುವುದು ತಡವಾಗಲಿಲ್ಲ. "ಪಾಪ, ಮುದುಕನ ನಿದ್ದಿ ಮುಖ್ಯ," ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅಜ್ಜನ ನಿದ್ದೆಯ ಮೇಲೆ ಅವನಿಗೆ ಅಷ್ಟು ಪ್ರೀತಿ ಇದ್ದದ್ದು ನಮಗೆ ಅದೇ ಮೊದಲು ತಿಳಿದದ್ದು. ಹೂ ಮಾರುವವಳು ಅಜ್ಜನ ಮನೆಗೆ ಹೋಗಿ, "ಬಿಚ್ಚಸಬ್ಯಾಡೋ ಎಪ್ಪಾ, ನೆರಳು ಹೋಗ್ತೈತಿ," ಎಂದು ಅಂಗಲಾಚಿದಳು. ಅಜ್ಜ ಎರಡೂ ಕಡೆಯವರಿಗೆ ಹೂಂಗುಟ್ಟಿದ. ಅವನಿಗೆ ಬೇಕಾದದ್ದು ನೆರಳೂ ಅಲ್ಲ, ಮಾನವೂ ಅಲ್ಲ. ತನ್ನ ಕೌದಿ ಬೇಕಿತ್ತು, ಅಷ್ಟೇ.

ಬಿಚ್ಚುವ ದಿನ ಗೊತ್ತಾಯಿತು. ಊರೆಲ್ಲ ಬಾಗಿಲ ಮುಂದೆ ನೆರೆಯಿತು. ಸೂಜಿಯವಳು ಏಣಿ ಏರಿ ನೆತ್ತಿಯ ಮೊದಲ ಗಂಟಿಗೆ ಕೈಯಿಟ್ಟಳು. ಆಗ ಮಳೆ ಬಂತು.

ಹನಿಯಾಗಿ ಬರಲಿಲ್ಲ, ಒಮ್ಮೆಗೇ ಸುರಿಯಿತು. ನಮ್ಮೂರ ಕೌದಿಗಳು ಹುಟ್ಟಿದಾಗಿನಿಂದ ಕಾಣದ ನೀರನ್ನು ಒಂದೇ ದಿನ ಕುಡಿದವು. ಹೆಂಗಸರು ಅಯ್ಯಯ್ಯೋ ಎಂದು ಬಾಯಿ ಬಡಿದುಕೊಂಡರು. ಬಿಸಿಲಿಗೆ ಹಾಕಿದ ಕೌದಿಯನ್ನು ಒಂದು ಮೋಡ ಕಂಡರೂ ಓಡಿ ಎತ್ತುವವರು ನಾವು. ಅಂಥವರು ಊರಿಗೆ ಊರೇ ಕೂಡಿ ಮನೆಗೊಂದು ಕೌದಿಯನ್ನು ಆಕಾಶದ ಕೆಳಗೆ ನೇತುಹಾಕಿದೆವು, ಮಳೆಗಾಲ ಬರುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಇಂಥ ಜಾಣತನ ನಮಗೇ ಸಾಧ್ಯ.

"ಒದ್ದಿ ದಾರ ಬಿಚ್ಚಾಕ ಬರೂದಿಲ್ಲ," ಎಂದಳು ಸೂಜಿಯವಳು, ನೆನೆದು ತೊಪ್ಪೆಯಾಗಿ ಕೆಳಗಿಳಿದು. "ಒಣಗಲಿ." ಆದರೆ ಮಳೆ ಒಣಗಲು ಬಿಡಲಿಲ್ಲ. ದಿನಾ ಬಂತು. ಕಾಳು ಕೊಳೆಯಿತು, ಕೌದಿಗಳೆಲ್ಲ ಹಸಿದವು, ಇನ್ನು ಊರಿಗೇ ನಿದ್ದೆಯಿಲ್ಲ ಎಂದು ಗೌಡ ಸಾರಿದ. ನಾವು ತಲೆ ತಗ್ಗಿಸಿ ಬಾಗಿಲಿನಿಂದ ಹೋದೆವು, ತಲೆ ತಗ್ಗಿಸಿ ಬಾಗಿಲಿನಿಂದ ಬಂದೆವು.

ತಲೆ ತಗ್ಗಿಸಿದ್ದರಿಂದಲೇ ನಾವು ಅದನ್ನು ತಡವಾಗಿ ನೋಡಿದೆವು. ಮಳೆ ನಿಂತು ಹೊಳವಾದ ಒಂದು ಬೆಳಿಗ್ಗೆ ಹೂ ಮಾರುವವಳು ಕೂಗಿದಳು, "ಬರ್ರೆವ್ವಾ ಬರ್ರಿ, ಬಾಗಲಾ ಚಿಗತೈತಿ!"

ಚಿಗುರಿತ್ತು. ಮೂಲೆ ಮೂಲೆಯ ಹೊಲಿಗೆ ಸಂದಿನಿಂದ ಜೋಳದ ಎಳೆ ಗರಿಗಳು ಹೊರಗೆ ಇಣುಕುತ್ತಿದ್ದವು. ಕೆಂಪು ಕುಪ್ಪಸದ ಪಕ್ಕ ಹಸಿರು, ನೀಲಿ ಸೆರಗಿನ ಮೇಲೆ ಹಸಿರು. ಕಮಾನು ತುಂಬ ಹಸಿರು. ನಮಗಾದ ಸಂತೋಷ ಇಷ್ಟೇ ಎಂದು ಹೇಳಲಾರೆವು. ನಾವು ಕುಣಿದೆವು.

ದಿನ ಕಳೆದಂತೆ ಗಿಡಗಳು ಬೆಳೆದವು, ಆಗ ಬೇರೆ ಸಂಗತಿಗಳೂ ಬೆಳಕಿಗೆ ಬಂದವು. ಏನು ಉಣಿಸಿದೆ ಎಂದು ಕೇಳಬಾರದು, ಸರಿ. ಕಣ್ಣಿಗೆ ಕಂಡರೆ ಏನು ಮಾಡುವುದು? ಅಂಗಡಿಯವನ ಕೌದಿಯಲ್ಲಿ ಕೊತ್ತಂಬರಿ ಹುಟ್ಟಿತು, ಸಾರಿಗೆ ಬೇಕಾದವರೆಲ್ಲ ಬಂದು ಚಿವುಟಿಕೊಂಡು ಹೋದರು. ಒಬ್ಬ ಅತ್ತೆಗೆ ಸೊಸೆ ಹೊಲಿದು ಕೊಟ್ಟ ಕೌದಿಯಲ್ಲಿ ಮೆಣಸಿನ ಗಿಡ ಎದ್ದಿತು.

"ಅದಕ್ಕ ನನಗ ರಾತ್ರಿಯೆಲ್ಲಾ ಮೈ ಉರೀತಿತ್ತು!" ಎಂದು ಅತ್ತೆ ಹಾರಾಡಿದಳು.

"ನೀವ ಚಳಿ ಚಳಿ ಅಂತಿದ್ರೆಲ್ಲಾ ಅತ್ತೀ, ಬೆಚ್ಚಗಿರ್ರಿ ಅಂತ ಹಾಕಿದ್ದೆ," ಎಂದಳು ಸೊಸೆ.

ಗೌಡನ ಮನೆಯ ಕೌದಿಯಲ್ಲಿ ಮಾತ್ರ ಏನೂ ಹುಟ್ಟಲಿಲ್ಲ. ಗೌಡ ದಿನಾ ಬಂದು ದೂರದಿಂದ ನೋಡಿ ಹೋಗುತ್ತಿದ್ದ. ಕೊನೆಗೆ ಅವನ ಹೆಂಡತಿಯೇ ಹೇಳಿಬಿಟ್ಟಳು, "ಹುರದು ಹಾಕಿದ್ದೆ. ಹಸೀ ಕಾಳ ಯಾರು ತಿಂತಾರ?" ಅಂದಿನಿಂದ ಗೌಡ ಬಾಗಿಲಿನ ಪಕ್ಕದಿಂದ ಓಡಾಡತೊಡಗಿದ. ನಮ್ಮೂರ ಚರಿತ್ರೆಯಲ್ಲಿ ಪಕ್ಕದಿಂದ ಹಾದವನು ಅವನೊಬ್ಬನೇ.

ಮೇಲೆ, ನೆತ್ತಿಯ ಕೌದಿಯಿಂದ, ಗಿಡವಲ್ಲ, ಒಂದು ಬಳ್ಳಿ ಹೊರಟಿತ್ತು. ಅದು ಕಮಾನಿನ ಎರಡೂ ಕಡೆ ಹರಿದು, ಕೌದಿಯಿಂದ ಕೌದಿಗೆ ಕೈ ಚಾಚಿ ಹಿಡಿದು, ಹಳದಿ ಹೂ ಬಿಟ್ಟಿತ್ತು. ಕೆಳಗಿನಿಂದ ಎಲೆಯ ಗುರುತು ಸರಿಯಾಗಿ ಸಿಗುತ್ತಿರಲಿಲ್ಲ. ಸೌತೆ ಅಂದರು, ಹೀರೆ ಅಂದರು.

ಅಷ್ಟರಲ್ಲಿ ದಾರವೂ ಒಣಗಿತು. ಬಿಚ್ಚುವ ದಿನ ಮತ್ತೆ ಗೊತ್ತಾಯಿತು. ಗೌಡ ಎಲ್ಲರೆದುರು ಕೇಳಿದ, "ಹೇಳ ಅಜ್ಜಾ. ಕೌದಿ ನಿಂದು. ಬಿಚ್ಚಸೂದು ಹೌದಲ್ಲ?"

ನಿದ್ದೆಯಿಲ್ಲದೆ ಅಜ್ಜನ ಕಣ್ಣು ಗುಳಿಬಿದ್ದಿದ್ದವು. "ನಾ ಒಮ್ಮಿ ಮ್ಯಾಲ ಹೋಗಿ ನೋಡ್ತೀನಿ," ಎಂದು ತನ್ನ ಏಣಿ ಏರಿದ. ನೆತ್ತಿ ಮುಟ್ಟಿದ. ಒಂದು ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದ.

ಅವನ ಬೆನ್ನು ನಡುಗಿತು. ಅಳುತ್ತಿದ್ದಾನೆ ಎಂದುಕೊಂಡೆವು. ಆಮೇಲೆ ದನಿ ಕೇಳಿತು, ನಗುತ್ತಿದ್ದ. ಏಣಿ ಅಲುಗಾಡುವ ಹಾಗೆ, ಕೆಳಗೆ ಹಿಡಿದಿದ್ದವರು ಬೈಯುವ ಹಾಗೆ ನಗುತ್ತಿದ್ದ. ಕಣ್ಣಲ್ಲಿ ನೀರೂ ಇತ್ತು.

"ಹಾಗಲಾ!" ಎಂದು ಕೂಗಿದ. "ಹಾಗಲಬೀಜಾ ಹಾಕಿದ್ಲರೋ! ಮದವಿ ಆದಾಗಿಂದ ಹಾಗಲಬೀಜಾ ಹೊದ್ದು ಮಲಗೀನಿ ನಾ!"

ನಾವೂ ನಕ್ಕೆವು. ಓಣಿಗೆಲ್ಲ ಕೇಳುತ್ತಿದ್ದ ಆ ಮಾತು ಎಲ್ಲರಿಗೂ ನೆನಪಿತ್ತು. ನೆತ್ತಿಮೇಲೆ ಹಬ್ಬಿಸುತ್ತೇನೆ ಎಂದವಳು ಮೊದಲಿನಿಂದಲೂ ಬೀಜ ಹಾಕಿಟ್ಟುಕೊಂಡೇ ಹೇಳಿದ್ದಳು. ಹಿಂದಿನ ವರ್ಷದ ಉಣಿಸುವ ದಿನ, ತನ್ನ ಕೊನೆಯ ಬಾರಿ, ಬೆನ್ನು ಹಾಕಿ ಕೂತು, ಯಾರಿಗೂ ಕಾಣದ ಹಾಗೆ ತುಟಿಯಲ್ಲೇ ನಗುತ್ತ ತುಂಬಿರಬೇಕು. ಕೌದಿ ಹಸಿದಿರಲೇ ಇಲ್ಲ. ನಾವೆಲ್ಲ ಕೂಡಿ ಆ ಮುದುಕನನ್ನು ಸುಮ್ಮನೆ ಹೆದರಿಸಿದ್ದೆವು. ಅದನ್ನು ನೆನೆದರೆ ಈಗಲೂ ನಮಗೆ ನಾಚಿಕೆಯಾಗುತ್ತದೆ.

ಸೂಜಿಯವಳು ಕೆಳಗಿನಿಂದ ಕೇಳಿದಳು, "ಬಿಚ್ಚಲ್ರೇನು, ಅಜ್ಜಾರ?"

ಅಜ್ಜ ಒಂದು ಕೈಯಲ್ಲಿ ಕೌದಿಯ ಅಂಚು ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಬಳ್ಳಿ. ಕೌದಿ ಬೇಕೆಂದರೆ ಬಳ್ಳಿ ಹೋಗುತ್ತದೆ. ಬಳ್ಳಿ ಬೇಕೆಂದರೆ ಕೌದಿ ಇಲ್ಲ, ನಿದ್ದೆಯಿಲ್ಲ. ಅವನು ಎರಡನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕೌದಿಯ ಅಂಚನ್ನು ಕೈಬಿಟ್ಟ.

"ಬ್ಯಾಡವಾ. ಅಕಿ ಹಬ್ಬಸಿದ್ದನ್ನ ನಾ ಒಣಗಿಸಿದ್ದು ಸಾಕು."

ಇಳಿದು ಮನೆಗೆ ಹೋದ. ಹೊರಸನ್ನು ತಲೆಯ ಮೇಲೆ ಹೊತ್ತು ತಂದು ಕಮಾನಿನ ಕೆಳಗೆ, ಹೂವಿನ ಬುಟ್ಟಿಯ ಪಕ್ಕ ಹಾಕಿದ. ಮಲಗಿ ಮೇಲೆ ನೋಡಿದ. ನೆತ್ತಿಯ ಮೇಲೆ ಬಳ್ಳಿ ಇತ್ತು, ಬಳ್ಳಿಯ ಹಿಂದೆ ಅವಳ ಹೊಲಿಗೆ ಇತ್ತು. ಹಾಡುಹಗಲು, ಊರೆಲ್ಲ ನೆರೆದಿರುವಾಗ, ಗೌಡ ಇನ್ನೂ ಏನೋ ಹೇಳುತ್ತಿರುವಾಗಲೇ ಅವನಿಗೆ ನಿದ್ದೆ ಹತ್ತಿತು. ಗೊರಕೆ ಬಂದ ಮೇಲೆ ನಾವು ಮೆಲ್ಲಗೆ ಚದುರಿದೆವು. ಸೂಜಿಯವಳೂ ಅವನನ್ನು ದಾಟಿ, ಬಾಗಿಲಿನಿಂದ ಹೊರಗೆ ಹೋದಳು.

ಕಾಯಿ ಬಿಟ್ಟ ಮೇಲೆ ಮೊದಲನೆಯದನ್ನು ಅಜ್ಜನೇ ಕಿತ್ತ. ಊರೆಲ್ಲ ನೋಡುತ್ತಿರಲು ಹಸಿಯಾಗಿಯೇ ಕಚ್ಚಿದ. ಅವನ ಮುಖ ಹಿಂಡಿ ಸಣ್ಣಗಾಯಿತು, ಕಿವಿ ಕೆಂಪಾಯಿತು. "ಥೂ," ಎಂದ. ಆದರೆ ಉಗುಳಲಿಲ್ಲ. ಪೂರ್ತಿ ತಿಂದ.

ಮಾತು ಈಗಲೂ ಎರಡಿದೆ. ಬಿಚ್ಚಿ ಹಾಕಿರಿ ಎನ್ನುವವರು ಇದ್ದಾರೆ, ಹಕ್ಕಿಗಳ ಕಾಟ ಎನ್ನುವವರು ಇದ್ದಾರೆ, ಪರಊರಿನಿಂದ ನೋಡಲು ಬಂದು ಇಷ್ಟೇನಾ ಎಂದು ಹೋಗುವವರೂ ಇದ್ದಾರೆ. ಗೌಡ ಪಕ್ಕದಿಂದಲೇ ಹಾಯುತ್ತಾನೆ.

ಮತ್ತೆ ಉಣಿಸುವ ದಿನ ಬಂತು. ಗಂಡಸರೆಲ್ಲ ಊರ ಹೊರಗೆ ಹೊರಟೆವು. ಅಜ್ಜ ಹೊರಡಲಿಲ್ಲ. ಅವನ ಉಡಿಯಲ್ಲಿ ಏನೋ ಗಂಟಿತ್ತು, ಕಿವಿಯ ಸಂದಿಯಲ್ಲಿ ದಾರ ಪೋಣಿಸಿದ ಸೂಜಿ. ಅವನು ಏಣಿಯನ್ನು ಬಾಗಿಲಿಗೆ ಒರಗಿಸುತ್ತಿದ್ದ. ಹೊಲಿದ ಕೈಯೇ ಉಣಿಸಬೇಕು ಎಂದು ಯಾರಾದರೂ ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ಅವನು ನಮಗೆ ಬೆನ್ನು ಹಾಕಿ ಏರಿದ, ನಾವು ಅವನಿಗೆ ಬೆನ್ನು ಹಾಕಿ ಹೋದೆವು.

ಸಂಜೆ ಮರಳಿ ಬಂದಾಗ ಅವನು ಹೊರಸಿನ ಮೇಲೆ ಕೂತು, ಸುಣ್ಣ ತಿಂದ ಬೆರಳಿಗೆ ಸೂಜಿ ಚುಚ್ಚಿದ ಜಾಗವನ್ನು ಚೀಪುತ್ತಿದ್ದ. ತಲೆಯ ಮೇಲೆ ನೆತ್ತಿಯ ಮೂಲೆಯಲ್ಲಿ ಸೊಟ್ಟ ಸೊಟ್ಟ ಹೊಸ ಹೊಲಿಗೆ. ಏನು ಉಣಿಸಿದೆ ಎಂದು ನಮ್ಮೂರಲ್ಲಿ ಕೇಳುವಂತಿಲ್ಲ, ನಾವು ಕೇಳಲೂ ಇಲ್ಲ. ಬಾಗಿಲ ಕೆಳಗೆ ಸಾಲಾಗಿ ನಿಂತು, ಎಲ್ಲರೂ ಒಟ್ಟಿಗೆ, ಕೇಳುವ ಮಾತನ್ನೇ ಕೇಳಿದೆವು.

"ಉಂಡೈತೇನು?"

ಅಜ್ಜ ಮೇಲೆ ನೋಡಿದ. ಅವನ ಮುಖ ಮತ್ತೆ ಕಹಿ ಕಚ್ಚಿದ ಹಾಗೆ ಹಿಂಡಿ, ಆಮೇಲೆ ಬಿಚ್ಚಿಕೊಂಡಿತು.

"ಉಂಡೈತಿ," ಎಂದ.